ಲಿಫ್ಟಿನ ಪಕ್ಕದ ನೋಟಿಸು

ನಮ್ಮ ಮೇಸ್ತ್ರಿಯ ಬಲಗಿವಿಯ ಅಂಚಿನಲ್ಲಿ ಯಾವಾಗಲೂ ತುಕ್ಕಿನ ಬಣ್ಣದ ಒಂದು ಗೆರೆ ಇರುತ್ತಿತ್ತು. ದೇವಸ್ಥಾನದಿಂದ ಬಂದಿದ್ದಾರೆ, ಕುಂಕುಮ ತಾಗಿದೆ ಅಂತ ಮೊದಲ ದಿನ ಅಂದುಕೊಂಡಿದ್ದೆ. ಕಬ್ಬಿಣದ ಪೈಪಿಗೆ ಕಿವಿ ಒತ್ತಿ ಒತ್ತಿ ಬಂದ ಗೆರೆ ಅದು. ಸಂಪಿನಿಂದ ಟ್ಯಾಂಕಿಗೆ ನೀರು ಏರುತ್ತಿದೆಯೋ, ಮೋಟರು ಬರೀ ಗಾಳಿ ಎಳೆಯುತ್ತಿದೆಯೋ ಅಂತ ತಿಳಿಯಲು ಗೋಡೆಯ ಮೇಲೆ ಮೀಟರಿತ್ತು. ಅವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಂಡಿಯೂರಿ ಕೂತು, ತಲೆ ಓರೆ ಮಾಡಿ, ಪೈಪಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಒಂದೆರಡು ನಿಮಿಷ ಆದ ಮೇಲೆ, "ಬಿ ಬ್ಲಾಕ್‌ನಾಗೆ ಯಾವ್ದೋ ಫ್ಲಶ್ ನಿಂತಿಲ್ಲ, ಸುರೀತಾ ಐತೆ. ಹೋಗ್ ನೋಡ್ಕೊಂಡ್ ಬಾ" ಅನ್ನುತ್ತಿದ್ದರು. ಹೋಗಿ ಒಂದೊಂದೇ ಮನೆಯ ಬೆಲ್ ಒತ್ತಿ ಕೇಳಿದರೆ, ಯಾವುದೋ ಮನೆಯ ಬಚ್ಚಲಲ್ಲಿ ಅದು ಸುರಿಯುತ್ತಿರುತ್ತಿತ್ತು.

ಅದು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟು. ಎರಡು ಬ್ಲಾಕು, ಎಂಬತ್ತನಾಲ್ಕು ಮನೆ. ಮೋಟರು, ಬೋರ್‌ವೆಲ್ಲು, ಜನರೇಟರು, ಕೆಟ್ಟ ಗೀಸರು, ಕಟ್ಟಿಕೊಂಡ ಮೋರಿ, ಎಲ್ಲದಕ್ಕೂ ಇದ್ದದ್ದು ಇವರೊಬ್ಬರೇ. ಮೂರು ವರ್ಷದ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದ ಅಜ್ಜಿಯರವರೆಗೆ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು.

ನಾನು ಆಗ ಮಡಿವಾಳ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಹೊರುತ್ತಿದ್ದೆ. ಇಪ್ಪತ್ತಮೂರು ವಯಸ್ಸು. ಒಂದು ಬೆಳಿಗ್ಗೆ ಅಲ್ಲಿನ ನಲ್ಲಿ ಮುರಿದು ನೀರು ಚಿಮ್ಮುತ್ತಿತ್ತು, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ನಾನು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದು ನಿಲ್ಲಿಸಿದೆ. ಸೊಪ್ಪು ಕೊಳ್ಳಲು ಬಂದಿದ್ದ ಒಬ್ಬರು ಹತ್ತಿರ ಬಂದು ನನ್ನ ಗಂಟನ್ನು ಎಳೆದು ನೋಡಿದರು.

"ಯಾರ್ ಕಲ್ಸಿದ್ದು?"

"ಯಾರೂ ಇಲ್ಲ."

"ಹಂಗಾದ್ರೆ ಬಾ. ಇನ್ನೊಂದ್ ಸ್ವಲ್ಪ ಐತೆ, ಕಲಿಯೋದು."

ಅಷ್ಟೇ ಮಾತು. ಅವತ್ತು ಅವರ ಹಿಂದೆ ನಡೆದವನು ಇಂದಿಗೂ ಅದೇ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕೆಲಸದ ವಿಷಯದಲ್ಲಿ ನನಗೆ ಜಂಬ ಉಂಟು, ಮುಚ್ಚಿಡುವುದಿಲ್ಲ. ನಾನು ಕೂಡಿಸಿದ ಪೈಪು ಸೋರಿದೆ ಅಂತ ಯಾರೂ ಹೇಳಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಇದನ್ನು ಬರೆಯಲು ಮೂರು ತಿಂಗಳು ಹಿಡಿದಿದೆ. ಯಾರ ಕೈಯಲ್ಲೂ ತಿದ್ದಿಸಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮೇಸ್ತ್ರಿ ಹಾರೋಹಳ್ಳಿ ಕಡೆಯವರು. ವಸಂತಪುರದಲ್ಲಿ ಒಂದು ಬಾಡಿಗೆ ಮನೆ, ಮನೆಯಲ್ಲಿ ಅವರು ಮತ್ತು ಅಕ್ಕ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮೇಸ್ತ್ರಿ ಯಾರ ಮನೆಯೊಳಗೂ ಒದ್ದೆ ಕಾಲಲ್ಲಿ ಹೋದವರಲ್ಲ, ಹೆಗಲ ಟವೆಲ್ಲಿನಿಂದ ಕಾಲು ಒರೆಸಿಕೊಂಡೇ ಹೊಸಿಲು ದಾಟುತ್ತಿದ್ದರು. ಬೇಸಿಗೆಯಲ್ಲಿ ಟ್ಯಾಂಕರು ಬಂದರೆ ಪೈಪು ಹಾಕುವ ಮುಂಚೆ ಒಂದು ಬೊಗಸೆ ನೀರು ಹಿಡಿದು ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳುತ್ತಿದ್ದರು.

"ಏನ್ ಮೇಸ್ತ್ರಿ, ತೀರ್ಥ ತಗೊಳ್ತಿದೀರಾ?" ಅಂತ ಡ್ರೈವರ್ ಕಿಚಾಯಿಸುತ್ತಿದ್ದ.

"ತೀರ್ಥ ಆಗಿದ್ರೆ ಕಣ್ಗೊತ್ಕೊಳ್ತಿದ್ದೆ. ಇದ್ಯಾವ ಕೆರೇದು, ಮೊದ್ಲು ಅದ್ ಹೇಳು."

"ಬೋರ್ ನೀರು ಮೇಸ್ತ್ರಿ, ದೇವ್ರಾಣೆ!"

"ನಿನ್ ದೇವ್ರು ಕೆಸರಾಗವ್ನಾ? ತಿರುಗ್ಸು ಗಾಡಿ."

ಗಾಡಿ ತಿರುಗುತ್ತಿತ್ತು. ಬೈಸಿಕೊಂಡ ಡ್ರೈವರೇ ಮಾರನೆಯ ದಿನ ಒಳ್ಳೆಯ ನೀರು ತಂದು, "ಕುಡೀರಿ ಗುರುವೇ" ಅಂತ ಬೊಗಸೆಗೆ ಸುರಿಯುತ್ತಿದ್ದ. ಮೇಸ್ತ್ರಿ ನನಗೆ ಹೇಳುತ್ತಿದ್ದ ಮಾತು ಒಂದೇ: "ನೀರು ಸರಿಯಾಗ್ ಬಂದ್ರೆ ಯಾರಿಗೂ ನಮ್ ನೆನಪು ಬರಾಕಿಲ್ಲ ಕಣೋ. ನೆನಪು ಬಂತು ಅಂದ್ರೆ ನಾವೇನೋ ಕೆಡಿಸಿದೀವಿ ಅಂತ."

ಹೀಗೆ ಅನ್ನುತ್ತಿದ್ದವರಿಗೂ ಒಂದು ಆಸೆಯಿತ್ತು. ಅವರು ಬರೆದದ್ದನ್ನು ಜನ ನಿಂತು ಓದಬೇಕು.

ನೀರು ನಿಲ್ಲುವ ದಿನ, ಟ್ಯಾಂಕ್ ತೊಳೆಯುವ ದಿನ, ಲಿಫ್ಟು ರಿಪೇರಿ, ಯಾವುದೇ ಇರಲಿ, ಲಿಫ್ಟಿನ ಪಕ್ಕದ ಗೋಡೆಗೆ ನೋಟಿಸು ಹಾಕುತ್ತಿದ್ದವರು ಮೇಸ್ತ್ರಿಯೇ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗ, ಕಪ್ಪು ಸ್ಕೆಚ್ ಪೆನ್ನು. ಮೊದಲು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಬರೆದು ಒಣಗಿದ ಮೇಲೆ ಗೆರೆ ಅಳಿಸುತ್ತಿದ್ದರು. ಅಕ್ಷರ ದುಂಡಗೆ, ಒಂದೇ ಅಳತೆ. ಕೆಳಗೆ ಬಕೆಟ್ಟಿನ ಚಿತ್ರ: ಅರ್ಧ ದಿನ ನೀರಿಲ್ಲದಿದ್ದರೆ ಒಂದು, ಪೂರ್ತಿ ದಿನ ಇಲ್ಲದಿದ್ದರೆ ಎರಡು. ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ.

"ಕನ್ನಡದಾಗೆ ಬರೀಬೋದಲ್ಲ ಮೇಸ್ತ್ರಿ?" ಅಂತ ಒಮ್ಮೆ ಕೇಳಿದ್ದೆ.

"ಇಲ್ಲಿರೋರು ಎಲ್ಲೆಲ್ಲಿಯವ್ರೋ. ಕನ್ನಡದಾಗೆ ಬರೆದ್ರೆ ಅರ್ಧ ಜನ ಮೈಗೆ ಸೋಪ್ ಹಚ್ಕೊಂಡು ನಿಂತಿರ್ತಾರೆ."

ಅವರು ಎಂಟನೆಯ ಕ್ಲಾಸು, ಕನ್ನಡ ಶಾಲೆ. ಇಂಗ್ಲಿಷನ್ನು ಮನೆಮನೆಯ ನಲ್ಲಿ ರಿಪೇರಿ ಮಾಡುತ್ತ ಕಿವಿಯಲ್ಲಿ ಕಲಿತವರು, ಕೇಳಿಸಿದ ಹಾಗೆ ಬರೆಯುತ್ತಿದ್ದರು. ಟ್ಯಾಂಕ್ ತೊಳೆಯುವ ನೋಟಿಸಿನಲ್ಲಿ 'ಟುಮಾರೋ ಟ್ಯಾಂಕ್ ಬಾತ್ ಡೇ' ಅಂತ ಇರುತ್ತಿತ್ತು. ಅದನ್ನು ಓದಿ ಹಿಂದಿನ ಸಂಜೆಯೇ ನೀರು ಹಿಡಿದಿಟ್ಟುಕೊಳ್ಳದ ಮನೆ ಒಂದೂ ಇರಲಿಲ್ಲ. ಇದನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ನೋಟಿಸು ಅಂಟಿಸಿದ ಮೇಲೆ ಮೇಸ್ತ್ರಿ ಸುಮ್ಮನೆ ಮೆಟ್ಟಿಲ ಹತ್ತಿರ ಏನೋ ಬಿಗಿಯುವವರ ಹಾಗೆ ಕೂರುತ್ತಿದ್ದರು. ಲಿಫ್ಟಿಗೆ ಕಾಯುವವರು ಓದುತ್ತಿದ್ದರು, ನಗುತ್ತಿದ್ದರು, ಫೋನು ತೆಗೆದು ಫೋಟೋ ಹೊಡೆಯುತ್ತಿದ್ದರು. ಮೇಸ್ತ್ರಿಯ ಮುಖ ಅರಳುತ್ತಿತ್ತು. "ನೋಡ್ದಾ? ಫೋಟೋ ತಗೊಂಡ್ರು. ಮನೇಲಿರೋರ್ಗೂ ತೋರ್ಸಾಕೆ." ಎರಡನೆಯ ಮಹಡಿಯ ಮೇಡಂ ಒಬ್ಬರು, "ಮೇಸ್ತ್ರಿ, ನಿಮ್ಮ ನೋಟಿಸ್ ಸೂಪರ್, ನಮ್ಮ ತಂಗೀಗೂ ಕಳಿಸಿದೀನಿ" ಅಂದಿದ್ದರು. ಅಂದಿನಿಂದ ದಿನ ಮುಗಿದ ನೋಟಿಸನ್ನು ಮೇಸ್ತ್ರಿ ಹರಿಯುತ್ತಿರಲಿಲ್ಲ. ಗಮ್ ಟೇಪು ನಿಧಾನಕ್ಕೆ ಬಿಡಿಸಿ, ಪ್ಲಾಸ್ಟಿಕ್ ಫೈಲಿನಲ್ಲಿ ಇಡುತ್ತಿದ್ದರು.

ನನಗೆ ವಿಷಯ ತಿಳಿದದ್ದು ಅದೇ ಮೇಡಂ ಮನೆಯ ಕಾರಿನ ಡ್ರೈವರನಿಂದ. ಅವನ ಫೋನಿಗೂ ಹೇಗೋ ಬಂದಿತ್ತು. "ಬಾ ಮಗಾ, ನಿಮ್ ಮೇಸ್ತ್ರಿ ಫೇಮಸ್ ಆಗವ್ರೆ" ಅಂತ ತೋರಿಸಿದ. ಟ್ಯಾಂಕಿನ ನೋಟಿಸಿನ ಫೋಟೋ, ಅದರ ಕೆಳಗೆ ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಹಳದಿ ಮುಖಗಳು, ಸಾಲು ಸಾಲು.

"ಇದ್ರಲ್ಲಿ ನಗೋದೇನೈತೆ?" ಅಂದೆ.

"ಟ್ಯಾಂಕ್‌ಗೆ ಸ್ನಾನ ಅಂತೆ ಗುರು! ಸೋಪ್ ಯಾರ್ ಕೊಡ್ತಾರೆ ಅಂತ ಕೇಳವ್ರೆ ನೋಡು. ಸ್ಪೆಲ್ಲಿಂಗ್ ಬೇರೆ ಎಲ್ಲಾ ರಾಂಗು."

ನನಗೆ ತಪ್ಪು ಕಾಣಲಿಲ್ಲ. ನಾನು ಕಂಡದ್ದು ಆ ಹಳದಿ ಮುಖಗಳನ್ನು ಮಾತ್ರ. ಅವನ್ನು ಹಾಕಿದವರು ಮೆಚ್ಚಿ ನಗುತ್ತಿರಲಿಲ್ಲ ಎಂಬುದು ಚೆನ್ನಾಗಿ ಗೊತ್ತಾಯಿತು. ಪಂಪ್ ರೂಮಿಗೆ ಹೋದೆ. ಮೇಸ್ತ್ರಿ ನೆಲದ ಮೇಲೆ ಕ್ಯಾಲೆಂಡರ್ ಹಾಳೆ ಹರಡಿ ಗೆರೆ ಎಳೆಯುತ್ತಿದ್ದರು. "ಈ ಸಲ ಅಕ್ಷರ ಇನ್ನೂ ದಪ್ಪ ಮಾಡ್ತೀನಿ, ಫೋಟೋದಾಗೆ ಚೆನ್ನಾಗ್ ಬರ್ತದೆ" ಅಂದರು. ಹೇಳಬೇಕು ಅಂತ ಹೋದವನು ಸ್ಕೇಲು ಹಿಡಿದುಕೊಂಡೆ. ಅದಾದ ಮೇಲೆ ಆರು ವರ್ಷ ಹಿಡಿದುಕೊಂಡೇ ಇದ್ದೆ.

ಆಮೇಲೆ ಅಪಾರ್ಟ್‌ಮೆಂಟಿನ ಸಂಘದವರು ನಿರ್ವಹಣೆಯನ್ನು ಒಂದು ಏಜೆನ್ಸಿಗೆ ಕೊಟ್ಟರು. ಹಳಬರೆಲ್ಲ ಹೊಸದಾಗಿ ಅರ್ಜಿ ಹಾಕಬೇಕು, ಜೊತೆಗೆ ಸರ್ಟಿಫಿಕೇಟು ಕೊಡಬೇಕು ಅಂದರು. ಗೇಟಿಗೆ ಏಜೆನ್ಸಿಯ ಬ್ಯಾನರು ಬಂತು. ಅದರ ಕನ್ನಡ ಓದಿ ವಾಚ್‌ಮನ್ ಕೂಡ ತಬ್ಬಿಬ್ಬಾದ. 'ಕೆಲಸಗಳು ಬೇಕಾಗಿದ್ದಾನೆ, ಅನುಭವ ಇರುವುದು ಒಳ್ಳೆಯವನು' ಅಂತ ಇತ್ತು. ನಾನು ನಕ್ಕೆ. ಮೇಸ್ತ್ರಿ ಗದರಿದರು: "ನಗ್ಬ್ಯಾಡ. ಹೊರಗಿನ ಕಂಪ್ನಿ, ನಮ್ ಭಾಷೇಲಿ ಬರೆಯಾಕೆ ನೋಡವ್ರೆ ಪಾಪ. ಅರ್ಥ ಆಯ್ತು ತಾನೆ? ಮತ್ತಿನ್ನೇನು?"

ನಾನು ಜೆರಾಕ್ಸ್ ಅಂಗಡಿಗೆ ಹೋಗಿ ಅಲ್ಲಿನ ಮೇಡಂ ಕೈಯಲ್ಲಿ ಇಂಗ್ಲಿಷಿನಲ್ಲಿ ಅರ್ಜಿ ಟೈಪು ಮಾಡಿಸಿದೆ. ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ನನ್ನ ಹೆಸರು ಮಾತ್ರ ಗುರುತು ಸಿಕ್ಕಿತು. ಮೇಸ್ತ್ರಿಗೂ ಹಾಗೆಯೇ ಮಾಡಿಸಿ ಅಂದರೆ ಒಪ್ಪಲಿಲ್ಲ.

"ನನ್ ಕೆಲ್ಸ ನಾನ್ ಕೇಳಾಕೆ ಇನ್ನೊಬ್ರ ಕೈ ಯಾಕೋ? ನಂಗೇನ್ ಬರೆಯಾಕ್ ಬರಲ್ವಾ?"

ತೊಂದರೆ ಇದ್ದದ್ದು ಸರ್ಟಿಫಿಕೇಟಿನದು. ಕೆಲಸವನ್ನು ಕಾಲೇಜಿನಲ್ಲಿ ಕಲಿತವರಲ್ಲ ಅವರು, ಕಾಗದ ಎಲ್ಲಿಂದ ಬರಬೇಕು? ಎರಡು ದಿನ ಒದ್ದಾಡಿ, ಮೂರನೆಯ ದಿನ ಮಧ್ಯಾಹ್ನ ಫೈಲು ಕಂಕುಳಲ್ಲಿಟ್ಟುಕೊಂಡು ಪಂಪ್ ರೂಮಿಗೆ ಬಂದರು. ಮುಖದ ತುಂಬ ಬೆಳಕು.

"ಲೋ, ಸರ್ಟಿಫಿಕೇಟು ನನ್ ಹತ್ರಾನೇ ಅವೆ ಕಣೋ. ಇಷ್ಟು ವರ್ಷ ಏನೇನ್ ಕೆಲ್ಸ ಮಾಡ್ದೆ, ಯಾವತ್ತು ಮಾಡ್ದೆ, ಎಲ್ಲಾ ಇದ್ರಾಗೇ ಐತೆ. ಜನ ಮೆಚ್ಕೊಂಡವ್ರೆ ಬೇರೆ. ಇದಕ್ಕಿಂತ ಇನ್ನೇನ್ ಬೇಕು?"

ನೋಟಿಸುಗಳನ್ನು ನೆಲದ ಮೇಲೆ ಹರಡಿದರು. ಎಲ್ಲ ಬೇಡ, ಚೆನ್ನಾಗಿರುವುದನ್ನು ಆರಿಸೋಣ ಅಂದರು. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, "ಇದು? ಇದು ಹೆಂಗೈತೆ?" ಅಂತ ಕೇಳುತ್ತಿದ್ದರು. ಆ ಮಧ್ಯಾಹ್ನ ಪೂರ್ತಿ ನಾನು ಅವರ ಎದುರಿಗೇ ಕೂತಿದ್ದೆ. ಬಾಯಿ ತೆರೆಯಲು ಎಷ್ಟು ಸಲ ಅವಕಾಶ ಇತ್ತು! ತೆರೆದಾಗಲೆಲ್ಲ ಬಂದದ್ದು ಒಂದೇ ಮಾತು: "ಚೆನ್ನಾಗೈತೆ ಮೇಸ್ತ್ರಿ. ಇಡಿ."

ಇಪ್ಪತ್ತು ನೋಟಿಸು ಆರಿಸಿದೆವು. ಅರ್ಜಿಯ ಹಿಂದೆ ಅವನ್ನೆಲ್ಲ ಜೋಡಿಸಿ ದಾರ ಪೋಣಿಸಿ ಕಟ್ಟಿದ್ದು ನಾನು.

ಸಂದರ್ಶನ ನಡೆದದ್ದು ಕೆಳಗಿನ ಪಾರ್ಟಿ ಹಾಲಿನಲ್ಲಿ. ಒಳಗೆ ಇಬ್ಬರು: ಏಜೆನ್ಸಿಯ ಮ್ಯಾನೇಜರು, ಸಂಘದ ಕಾರ್ಯದರ್ಶಿ. ಮೇಸ್ತ್ರಿ ಒಗೆದ ಬಿಳಿ ಶರಟು ಹಾಕಿಕೊಂಡು ಒಳಗೆ ಹೋದರು. ನಾನು ಬಾಗಿಲ ಹೊರಗೆ, ಮುಂದಿನ ಸರದಿಗೆ. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಕೆಟ್ಟ ನಗು ಅಂತ ಹೇಳಲಾರೆ. ಮನೆಯಲ್ಲಿ ಕೂತು ಟಿವಿ ನೋಡುವಾಗ ನಗುತ್ತಾರಲ್ಲ, ಅಂಥದ್ದು. ಹಾಳೆ ಮಗುಚುವ ಸದ್ದು, ಮತ್ತೆ ನಗು. ಆ ನಗುವಿನ ನಡುವೆ ಮೇಸ್ತ್ರಿಯ ನಗುವೂ ಇತ್ತು.

ಹೊರಗೆ ಬಂದವರು ನನ್ನ ಭುಜ ಹಿಡಿದು ಅಲುಗಿಸಿದರು. "ಸಖತ್ ಖುಷಿಯಾಗ್ಬಿಟ್ರು ಕಣೋ. ಒಂದೊಂದೂ ಓದಿದ್ರು! ಹೋಗು, ಹೆದರ್ಬ್ಯಾಡ, ಒಳ್ಳೆ ಜನ."

ಒಳಗೆ ಹೋದೆ. ದಾರ ಬಿಚ್ಚಿದ ನೋಟಿಸುಗಳು ಇನ್ನೂ ಮೇಜಿನ ಮೇಲೆ ಹರಡಿದ್ದವು. ಮ್ಯಾನೇಜರು ಕಣ್ಣು ಒರೆಸಿಕೊಳ್ಳುತ್ತ, ಒಂದು ಹಾಳೆ ನನ್ನ ಕಡೆ ತಿರುಗಿಸಿ ಕೇಳಿದರು.

"ಇದನ್ನ ಬರೆಯೋದ್ರಲ್ಲಿ ನಿಂದೂ ಕೈ ಇದೆಯೇನಪ್ಪಾ?"

"ಇಲ್ಲ ಸಾರ್" ಅಂದೆ. ಅವರ ಮಾತು ಮುಗಿಯುವ ಮುಂಚೆಯೇ ಅಂದೆ. "ನಾನಲ್ಲ ಸಾರ್."

ಅವರು ನನ್ನ ಅರ್ಜಿ ನೋಡಿದರು. "ನೀಟಾಗಿದೆ" ಅಂದರು. ಕಾರ್ಯದರ್ಶಿಗಳು ಜಯನಗರದಲ್ಲಿ ಹುಟ್ಟಿ ಬೆಳೆದ, ಮೆತ್ತಗೆ ಮಾತಾಡುವ ಮನುಷ್ಯ. ಹಬ್ಬದ ದಿನ ಅವರ ಮನೆಯ ಮೋರಿ ಕಟ್ಟಿಕೊಂಡಾಗ ಮೇಸ್ತ್ರಿ ಊಟ ಬಿಟ್ಟು ಓಡಿ ಬಂದಿದ್ದರು. ಅವರೆಂದರು, "ಮೇಸ್ತ್ರಿಗೆ ಕೆಲಸ ಗೊತ್ತು ರೀ, ಅದರಲ್ಲಿ ಎರಡು ಮಾತಿಲ್ಲ." ಮ್ಯಾನೇಜರು ಹಾಳೆಗಳನ್ನು ಒಟ್ಟು ಮಾಡುತ್ತ ಅಂದರು, "ಸಾರ್, ಒಂದು ಲೈನ್ ನೆಟ್ಟಗೆ ಬರೆಯೋಕೆ ಬರದವರು ಜನರೇಟರ್ ನೆಟ್ಟಗೆ ನೋಡ್ಕೊಳ್ತಾರೆ ಅಂತ ನಾನ್ ಹೇಗೆ ನಂಬ್ಲಿ?" ಆ ಜನರೇಟರು ಹದಿನಾಲ್ಕು ವರ್ಷದಿಂದ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅದು ಕಾರ್ಯದರ್ಶಿಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು. ನಾನು ನನ್ನ ಚಪ್ಪಲಿ ನೋಡಿದೆ.

ಮೇಸ್ತ್ರಿಯ ಜಾಗ ನನಗೆ ಬಂತು.

ನೋಟಿಸುಗಳನ್ನು ವಾಪಸು ಕೊಡುತ್ತ ಅವರಿಗೆ ಕಾರ್ಯದರ್ಶಿಗಳೇ ಹೇಳಿದರು: "ವಯಸ್ಸಾಯ್ತಲ್ಲ ಮೇಸ್ತ್ರಿ, ಇನ್ನು ಸ್ವಲ್ಪ ರೆಸ್ಟ್ ತಗೊಳ್ಳಿ." ಮರ್ಯಾದೆ ಉಳಿಸಲು ಹೇಳಿದ ಸುಳ್ಳು. ಮೇಸ್ತ್ರಿ ನಂಬಿದರು. ಕೀ ಗೊಂಚಲು ನನ್ನ ಕೈಗೆ ಕೊಟ್ಟು, ಯಾವ ಕೀ ಯಾವ ಬೀಗದ್ದು, ಯಾವ ವಾಲ್ವು ಅರ್ಧ ಸುತ್ತು ತಿರುಗಿಸಿದರೆ ಸಾಕು, ಎಲ್ಲ ಒಂದು ಇಡೀ ದಿನ ಹೇಳಿಕೊಟ್ಟರು. "ನಿಂಗೇ ಸಿಕ್ತಲ್ಲ, ಅಷ್ಟು ಸಾಕು. ಬೇರೆಯವ್ನ ಕೈಗೆ ಹೋಗಿದ್ರೆ ಮೋಟ್ರು ಸಾಯ್ತಿತ್ತು" ಅಂದರು. ಅವರ ಕಣ್ಣಲ್ಲಿ ನನ್ನ ಮೇಲೆ ಒಂದು ಚೂರೂ ಸಿಟ್ಟಿರಲಿಲ್ಲ. ಅದೇ ನನಗೆ ಸಹಿಸಲು ಆಗಲಿಲ್ಲ.

ವಾರದೊಳಗೆ ತಲೆಗೆ ಬಣ್ಣ ಹಚ್ಚಿಸಿಕೊಂಡರು. ವಯಸ್ಸೇ ತಾನೆ ಅಡ್ಡಿಯಾದದ್ದು? ಕಡುಗಪ್ಪು ತಲೆ, ಬಿಳಿ ಶರಟು, ಕಂಕುಳಲ್ಲಿ ಫೈಲು. ಉತ್ತರಹಳ್ಳಿ, ಕತ್ರಿಗುಪ್ಪೆ, ಬಿಟಿಎಂ, ಎಲ್ಲೆಲ್ಲಿ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಖಾಲಿಯಿದೆ ಅಂತ ಕೇಳಿಬಂತೋ ಅಲ್ಲೆಲ್ಲ ಹೋದರು. ಎಲ್ಲ ಕಡೆಯೂ ಅರ್ಜಿಯ ಜೊತೆ ಅದೇ ಇಪ್ಪತ್ತು ನೋಟಿಸು ತೆಗೆದು ಹರಡಿದರು. ಎಲ್ಲ ಕಡೆಯೂ ಫೋನ್ ಮಾಡ್ತೀವಿ ಅಂದರು. ಒಬ್ಬರೂ ಮಾಡಲಿಲ್ಲ. ಹೀಗೆಯೇ ಎಂಟು ತಿಂಗಳಾಯಿತು.

ಒಂದು ಸಂಜೆ ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕರು. ಟೀ ಅಂಗಡಿಯ ಮುಂದೆ ನಿಂತೆವು. ಸೊರಗಿದ್ದರು. ಬಣ್ಣದ ಕೆಳಗೆ ಬಿಳಿ ಕೂದಲು ಬೆರಳಗಲ ಬೆಳೆದಿತ್ತು.

"ಕತ್ರಿಗುಪ್ಪೆ ಹತ್ರ ಒಂದ್ಕಡೆ ಹೋಗಿದ್ದೆ" ಅಂದರು. "ಅಲ್ಲೂ ಭಾಳ ಖುಷಿಯಾಗಿ ನಕ್ರು ಕಣೋ. ಫೋಟೋನೂ ತಗೊಂಡ್ರು. ಆದ್ರೂ ಯಾಕೋ ಕರೀತಾನೇ ಇಲ್ಲ."

ನನ್ನಿಂದ ಇನ್ನು ತಡೆಯಲಾಗಲಿಲ್ಲ. "ಮೇಸ್ತ್ರಿ, ಆ ನೋಟಿಸು ತೋರಿಸ್ಬೇಡಿ ಇನ್ನ್ಮೇಲೆ" ಅಂದೆ. ಯಾಕೆ ಅಂದರು. ಹೇಳಿದೆ. ಡ್ರೈವರನ ಫೋನು, ಹಳದಿ ಮುಖಗಳು, ಮ್ಯಾನೇಜರು ಅಂದ ಮಾತು, ಎಲ್ಲ.

ಮೊದಲು ಸಿಟ್ಟಿಗೆದ್ದರು. "ಏಯ್, ಸುಮ್ನಿರೋ. ನನ್ ಜಾಗದಾಗೆ ಕೂತಿದ್ದೀಯಲ್ಲ, ಅದಕ್ಕೇ ಹಿಂಗ್ ಮಾತಾಡ್ತೀಯ. ನಿಂಗೆ ಬರೆಯಾಕ್ ಬರಲ್ಲ ಅಂತ ಹೊಟ್ಟೆಯುರಿ. ಆ ಮೇಡಂ ತಂಗೀಗೆ ಕಳ್ಸಿದೀನಿ ಅಂದ್ರು, ನನ್ ಎದುರಿಗೇ ಅಂದ್ರು!"

ಬಸ್ಸುಗಳು ಬಂದವು, ಹೋದವು. ಆಮೇಲೆ ಮೇಸ್ತ್ರಿ ಕೇಳಿದರು. ದನಿ ಬೇರೆಯಾಗಿತ್ತು.

"ನಿಂಗ್ ಯಾವತ್ತಿಂದ ಗೊತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆರ್ ವರ್ಷ ಆಯ್ತು ಮೇಸ್ತ್ರಿ."

"ನೀನೇ ಆರಿಸ್ಕೊಟ್ಟೆ" ಅಂದರು. "ಚೆನ್ನಾಗೈತೆ, ಇಡಿ ಅಂದೆ."

ಟೀ ಲೋಟವನ್ನು ಕಟ್ಟೆಯ ಮೇಲಿಟ್ಟರು, ಕುಡಿದಿರಲಿಲ್ಲ. ರಸ್ತೆ ದಾಟಿ ಹೊರಟುಹೋದರು. ಊರೆಲ್ಲ ನಕ್ಕದ್ದನ್ನು ಅವರು ಹೇಗೋ ತಡೆದುಕೊಳ್ಳುತ್ತಿದ್ದರು ಅನ್ನಿಸುತ್ತದೆ. ನಗುವವರ ಮಧ್ಯೆ ಎಲ್ಲ ತಿಳಿದೂ ಸ್ಕೇಲು ಹಿಡಿದುಕೊಂಡು ನಿಂತವನು ನಾನು, ಅದನ್ನು ಹೇಗೆ ತಡೆದುಕೊಳ್ಳಬೇಕು? ಆಮೇಲೆ ಎರಡು ಸಲ ವಸಂತಪುರದ ಮನೆಗೆ ಹೋದೆ. ಇಲ್ಲ ಅಂತ ಅಕ್ಕ ಹೇಳಿದರು. ಒಳಗೆ ಅವರು ಕೆಮ್ಮುವುದು ಕೇಳಿಸುತ್ತಿತ್ತು.

ಈಗ ನಮ್ಮಲ್ಲಿ ನೋಟಿಸು ಏಜೆನ್ಸಿಯ ಆಫೀಸಿನಿಂದ ಎಲ್ಲರ ಫೋನಿಗೆ ಬರುತ್ತದೆ. ಅದರಲ್ಲಿ ಒಂದು ತಪ್ಪೂ ಇರುವುದಿಲ್ಲವಂತೆ. ಓದುವವರೂ ಇಲ್ಲ. ನೀರು ನಿಂತ ಮೇಲೆ ನನಗೆ ಫೋನ್ ಮಾಡಿ ಬೈಯುತ್ತಾರೆ. ಕೆಲಸ ಕೇಳಿಕೊಂಡು ಬರುವ ಅರ್ಜಿಗಳನ್ನು ಈಗ ಮ್ಯಾನೇಜರಿಗೆ ತಲುಪಿಸುವವನು ನಾನೇ. ಕೈಯಲ್ಲಿ ಬರೆದದ್ದನ್ನು ಅವರು ಪೂರ್ತಿ ಓದುವುದೂ ಇಲ್ಲ. ಮೊದಲ ಸಾಲು ನೋಡಿ ಪಕ್ಕಕ್ಕೆ ಹಾಕುತ್ತಾರೆ. ಬರೆದವನ ಕೈ ಎಂಥದ್ದು ಅಂತ ಒಮ್ಮೆ ನೋಡಿ ಸಾರ್ ಅನ್ನಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಒಂದು ಸಲವೂ ಅಂದಿಲ್ಲ.

ಮೇಸ್ತ್ರಿ ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮುಂಚೆ ಅಕ್ಕ ಫೋನ್ ಮಾಡಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಅಂದಿದ್ದಾರೆ, ನಂಗೆ ಈ ಆಸ್ಪತ್ರೇಲಿ ಏನೂ ತಿಳೀತಿಲ್ಲ, ಬಾಪ್ಪಾ ಅಂದರು. ಹೋದೆ. ಮೇಸ್ತ್ರಿ ಹಾಸಿಗೆಯ ಮೇಲೆ ಒಂದು ಹಿಡಿಯಾಗಿದ್ದರು. ನನ್ನನ್ನು ನೋಡಿದರು, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ನರ್ಸ್ ಒಪ್ಪಿಗೆ ಪತ್ರ ತಂದಳು. ನಾಲ್ಕು ಕಡೆ ಗುರುತು ಹಾಕಿದ್ದ ಕಾಗದ. ಪೆನ್ನು ಮುಂದೆ ಹಿಡಿದು, "ಅಂಕಲ್, ಓದಿ ಸೈನ್ ಮಾಡ್ತೀರಾ, ಇಲ್ಲಾ ನಾನೇ ಓದಿ ಹೇಳ್ಲಾ?" ಅಂತ ಕೇಳಿದಳು.

ಮೇಸ್ತ್ರಿ ಪೆನ್ನಿನ ಕಡೆ ನೋಡಲಿಲ್ಲ. ಅವಳನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತ ಅಂದರು:

"ಹೆಬ್ಬೆಟ್ಟು ಕಣಮ್ಮ. ನಂಗೆ ಓದು ಬರಹ ಇಲ್ಲ."

"ಅವರಿಗೆ ಬರುತ್ತೆ ಸಿಸ್ಟರ್" ಅನ್ನಬೇಕಿತ್ತು ನಾನು. ಅಷ್ಟು ದುಂಡಗೆ ಬರೆಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ ಅನ್ನಬೇಕಿತ್ತು. ನರ್ಸ್ ಅವರ ಹೆಬ್ಬೆರಳು ಹಿಡಿದು, ಇನ್ನೊಂದು ಕೈಯಲ್ಲಿ ಕಾಗದ ಸರಿಮಾಡುತ್ತ, "ಅಣ್ಣ, ಇದನ್ನ ಸ್ವಲ್ಪ ಹಿಡ್ಕೊಳ್ಳಿ" ಅಂದಳು.

ಇಂಕಿನ ಪ್ಯಾಡು. ನಾಲ್ಕು ಸಲ ಒತ್ತುವವರೆಗೂ ನಾನು ಅದನ್ನು ಅವರ ಎದುರು ಹಿಡಿದುಕೊಂಡೇ ನಿಂತಿದ್ದೆ.